ಕೋಗಿಲೆ ಮೀನಿಗೆ ಕಾಗೆ ಯಾವುದು?

ಕೋಗಿಲೆ ಗೂಡು ಕಟ್ಟೋದಿಲ್ಲ. ಕಾಗೆಯ ಗೂಡಲ್ಲಿ ಮೊಟ್ಟೆ ಇಟ್ಟು ಹಾರಿಹೋಗುತ್ತೆ. ಪಾಪದ ಕಾಗೆ ತನ್ನದೇ ಅಂದುಕೊಂಡು ಕಾವು ಕೊಟ್ಟು, ಗುಟುಕು ಕೊಟ್ಟು ಸಾಕುತ್ತೆ. ಇದು ನಮ್ಮೂರ ಹುಡುಗರಿಗೂ ಗೊತ್ತಿರುವ ಕಥೆ. ಹಳಬರು ಕೋಗಿಲೆಗೆ ‘ಪರಭೃತ’ ಅಂತಲೇ ಹೆಸರಿಟ್ಟರು. ಪರರು ಸಾಕಿದ್ದು ಅಂತ ಅರ್ಥ. ಆದರೆ ನೀರೊಳಗೂ ಇಂಥದೊಂದು ಕೋಗಿಲೆ ಇದೆ ಅಂದರೆ ನಂಬುತ್ತೀರಾ?

ಇದೆ ಸ್ವಾಮಿ. ಹಾಡೋದಿಲ್ಲ, ಅಷ್ಟೆ. ಬದಲಿಗೆ ಮೀಸೆ ಇದೆ, ಮೈತುಂಬ ಕರಿ ಚುಕ್ಕಿ ಇದೆ. ಇಂಗ್ಲಿಷಿನಲ್ಲಿ ಕುಕೂ ಕ್ಯಾಟ್‌ಫಿಶ್ ಅಂತಾರೆ. ವಿಜ್ಞಾನಿಗಳ ಬಾಯಲ್ಲಿ ಸಿನೊಡಾಂಟಿಸ್ ಮಲ್ಟಿಪಂಕ್ಟಾಟಸ್. ನಾಲಿಗೆ ಹೊರಳದವರು ಕೋಗಿಲೆ ಮೀನು ಅನ್ನಲಿ, ನಾವೂ ಇಲ್ಲಿ ಹಾಗೇ ಅನ್ನೋಣ. ಹುಟ್ಟೂರು ಆಫ್ರಿಕಾದ ಟ್ಯಾಂಗನೀಕಾ ಸರೋವರ. ತಾಂಜಾನಿಯಾ, ಕಾಂಗೋ, ಬುರುಂಡಿ, ಜಾಂಬಿಯಾ ಈ ನಾಲ್ಕು ದೇಶಗಳು ಹಂಚಿಕೊಂಡಿರುವ, ಸುಮಾರು 1,470 ಮೀಟರ್ ಆಳದ ಮಹಾಕೆರೆ ಅದು. ಬೆನ್ನುಮೂಳೆ ಇರುವ ಜೀವಿಗಳಲ್ಲಿ ಹಕ್ಕಿಗಳನ್ನು ಬಿಟ್ಟರೆ, ಮರಿ ಸಾಕೋದಕ್ಕೆ ಪೂರ್ತಾ ಪರರನ್ನೇ ನಂಬಿರುವುದು ಇದೊಂದೇ ಅಂತ ತಿಳಿದವರ ಮಾತು.

ಈಗೇಕೆ ಈ ಪುರಾಣ ಅಂತೀರಾ? ಪೇಟೆ ಬೀದಿಯಲ್ಲಿ ಗಲ್ಲಾಪೆಟ್ಟಿಗೆ ಪಕ್ಕ ಗಾಜಿನ ತೊಟ್ಟಿ ಇಟ್ಟಿರುವ ಅಂಗಡಿ ಎಷ್ಟಿವೆ, ಬಸ್ಸಿನ ಕಿಟಕಿಯಿಂದ ನೀವೇ ಎಣಿಸಿ. ಗೋಲ್ಡ್‌ಫಿಶ್, ಏಂಜಲ್ ಸಾಕಿ ಕೈ ಪಳಗಿದ ಮೇಲೆ ಕೆಲವರು ಆಫ್ರಿಕಾದ ಸಿಕ್ಲಿಡ್ ಮೀನುಗಳ ಕಡೆ ತಿರುಗುತ್ತಾರೆ. ಅಲ್ಲಿಂದ ಮುಂದಿನ ಆಸೆ ಈ ಕೋಗಿಲೆ ಮೀನು. ಮರಿ ಮಾಡಿಸಿದರೆ ನಾಲ್ಕು ಕಾಸೂ ಬಂದೀತು ಅನ್ನೋ ಲೆಕ್ಕಾಚಾರ ಬೇರೆ. ತಪ್ಪೇನಿಲ್ಲ. ಆದರೆ ದುಡ್ಡೆಲ್ಲ ಕೋಗಿಲೆ ಮೇಲೆ ಸುರಿದು, ಮೊಟ್ಟೆ ಹೊರೋ ಕಾಗೆ ಯಾವುದು ಅಂತ ಯೋಚಿಸದೆ ಕೂತರೆ ವರ್ಷಗಟ್ಟಲೆ ಕಾದರೂ ಒಂದು ಮರಿ ಕಾಣೋದಿಲ್ಲ. ಗುಟ್ಟಿರುವುದು ಕಾಗೆಯಲ್ಲಿ.

ಬಾಯಲ್ಲೇ ಬಸಿರು

ಕಾಗೆಯ ಕೆಲಸ ಮಾಡೋದು ಸಿಕ್ಲಿಡ್ ಜಾತಿಯ ಹೆಣ್ಣು ಮೀನು. ಸಿಕ್ಲಿಡ್ ಅಂದರೆ ಯಾವುದೋ ಲೋಕದ್ದು ಅಂದುಕೊಳ್ಳಬೇಡಿ. ನಮ್ಮ ಕೆರೆಗಳಲ್ಲಿ ಸಿಗೋ ‘ಜಿಲೇಬಿ’ ಮೀನು, ಅದೇ ತಿಲಾಪಿಯಾ, ಇದೇ ಬಳಗ. ಆಫ್ರಿಕಾ ಮೂಲದ್ದು. 1952ರಲ್ಲಿ ಭಾರತಕ್ಕೆ ತಂದರು, ಈಗ ಊರೂರ ಕೆರೆಯಲ್ಲಿ ಅದರದೇ ದರ್ಬಾರು. ಜಿಲೇಬಿ ಹೆಣ್ಣು ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತೆ. ಬಲೆಗೆ ಬಿದ್ದಾಗ ಬಾಯಿಂದ ಮರಿ ಉದುರೋದನ್ನು ಮೀನು ಹಿಡಿಯೋರು ನೋಡಿರುತ್ತಾರೆ. ಟ್ಯಾಂಗನೀಕಾದ ಎಷ್ಟೋ ಸಿಕ್ಲಿಡ್‌ಗಳದ್ದೂ ಇದೇ ಪದ್ಧತಿ. ತಾಯಿಗೆ ಬಾಯೇ ತೊಟ್ಟಿಲು.

ಕಳ್ಳತನ ನಡೆಯೋದು ಮೊಟ್ಟೆ ಇಡುವ ಗಳಿಗೆಯಲ್ಲೇ. ಹೆಣ್ಣು ಸಿಕ್ಲಿಡ್ ಮರಳಿನ ಮೇಲೋ ಚಪ್ಪಟೆ ಕಲ್ಲಿನ ಮೇಲೋ ನಾಲ್ಕಾರು ಮೊಟ್ಟೆ ಇಡುತ್ತೆ, ಗಕ್ಕನೆ ತಿರುಗಿ ಅವನ್ನು ಬಾಯಿಗೆ ತುಂಬಿಕೊಳ್ಳುತ್ತೆ. ಗಂಡಿನ ಬಾಲದ ಬುಡದ ಕೆಳ ರೆಕ್ಕೆಯಲ್ಲಿ ಮೊಟ್ಟೆಯಂಥ ಹಳದಿ ಚುಕ್ಕಿ ಇರುತ್ತೆ. ಹೆಣ್ಣು ಅದಕ್ಕೂ ಬಾಯಿ ಹಾಕುತ್ತೆ, ಆಗ ಬಾಯೊಳಗಿನ ಮೊಟ್ಟೆ ಫಲವಾಗುತ್ತೆ. ಈ ಸಂಭ್ರಮದ ನಡುವೆ ಕೋಗಿಲೆ ಮೀನಿನ ಜೋಡಿ ನುಗ್ಗುತ್ತೆ. ಸಿಕ್ಲಿಡ್ ಮೊಟ್ಟೆಯನ್ನು ಗುಳುಂ ಅನ್ನಿಸುತ್ತಲೇ ತನ್ನ ಮೊಟ್ಟೆ ಉದುರಿಸುತ್ತೆ. ತಾಯಿಗೆ ಗಾಬರಿ. ನೆಲದ ಮೇಲೆ ಬಿದ್ದದ್ದನ್ನೆಲ್ಲ ಬಾಚಿ ಬಾಯಿಗೆ ಹಾಕಿಕೊಳ್ಳುತ್ತೆ. ತನ್ನದು ಯಾವುದು, ಪರರದ್ದು ಯಾವುದು ನೋಡೋಕೆ ಪುರುಸೊತ್ತೆಲ್ಲಿ? ರಶ್ಶು ಬಸ್ಸಲ್ಲಿ ಬ್ಯಾಗು ಅದಲು ಬದಲಾದ ಹಾಗೆ!

ಮುಂದಿನದು ಇನ್ನೂ ಕ್ರೂರ. ಕಾಗೆ ಗೂಡಲ್ಲಿ ಕೋಗಿಲೆ ಮರಿಯ ಜೊತೆ ಒಂದೆರಡು ಕಾಗೆ ಮರಿಯಾದರೂ ಬದುಕೋದುಂಟು. ಇಲ್ಲಿ ಆ ಮಾತೂ ಇಲ್ಲ. ಕೋಗಿಲೆ ಮೀನಿನ ಮೊಟ್ಟೆ ಪುಟ್ಟದು, ಮೂರು ದಿನದ ಒಳಗೋ ಹೊರಗೋ ಒಡೆಯುತ್ತೆ. ತಾಯಿಯ ಸ್ವಂತ ಮೊಟ್ಟೆ ಒಡೆಯೋದು ಅದಕ್ಕಿಂತ ತಡ. ಮೊದಲು ಹುಟ್ಟಿದ ಅತಿಥಿ ತನ್ನ ಹೊಟ್ಟೆಗಂಟಿದ ಬುತ್ತಿ ಮುಗಿಸೋ ಹೊತ್ತಿಗೆ ಮನೆಮಕ್ಕಳು ಕಣ್ಣು ಬಿಡುತ್ತಿರುತ್ತವೆ. ಅವನ್ನೇ ಒಂದೊಂದಾಗಿ ತಿಂದು ಕೊಬ್ಬುತ್ತೆ. ತಾಯಿ ಉಪವಾಸ ಕೂತು, ಬಾಯಿ ಬಿಗಿಹಿಡಿದು, ತನ್ನ ಮಕ್ಕಳನ್ನು ತಿಂದವನನ್ನೇ ಕಾಯುತ್ತೆ. ಜಪಾನಿನ ತೆತ್ಸು ಸಾತೋ ಎಂಬ ವಿಜ್ಞಾನಿ ಟ್ಯಾಂಗನೀಕಾದಲ್ಲಿ ಇದನ್ನು ಕಂಡು 1986ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದಾಗ ಪಂಡಿತರೇ ಹುಬ್ಬೇರಿಸಿದರು.

ಕಳ್ಳನ ಗುರುತು ಗೊತ್ತಿರುವ ಮನೆ

ಈಗ ಅಸಲು ಪ್ರಶ್ನೆ. ತೊಟ್ಟಿಯಲ್ಲಿ ಯಾವ ಸಿಕ್ಲಿಡ್ ಇಟ್ಟರೆ ಕೆಲಸ ಆಗುತ್ತೆ?

ಯಾರಿಗಾದರೂ ಮೊದಲು ಹೊಳೆಯೋದು ಒಂದೇ ಉತ್ತರ. ಟ್ಯಾಂಗನೀಕಾ ಕೋಗಿಲೆಗೆ ಟ್ಯಾಂಗನೀಕಾ ಕಾಗೆ. ಅಲ್ಲಿನ ಟ್ರೋಫಿಯಸ್, ಸೈಮೋಕ್ರೋಮಿಸ್, ಟೆನೊಕ್ರೋಮಿಸ್ ಹೋರೆ ಇಂಥವೇ ಅಲ್ಲವೆ ಸರೋವರದಲ್ಲಿ ಇದರ ಮರಿ ಸಾಕೋದು? ಕೇಳೋಕೆ ಸರಿ. ಆದರೆ ವ್ಯವಹಾರಕ್ಕೆ ಇದೇ ಪೆಟ್ಟು.

ಯಾಕೆ ಅಂದರೆ, ಆ ಮೀನುಗಳ ವಂಶಕ್ಕೇ ಕಳ್ಳನ ಗುರುತಿದೆ. ತಲೆತಲಾಂತರದಿಂದ ಮೋಸ ಹೋಗಿ ಹೋಗಿ ಹುಷಾರಾಗಿವೆ. ಮೊಟ್ಟೆ ಇಡೋವಾಗ ಹತ್ತಿರ ಬಂದವರನ್ನು ಅಟ್ಟುತ್ತವೆ. ಬಾಯಿಗೆ ಹೋದ ಮೇಲೂ ಅನುಮಾನ ಬಂದರೆ ಥೂ ಅಂತ ಉಗಿಯುತ್ತವೆ. ಇದು ಹವ್ಯಾಸಿಗಳ ಬಾಯಿಮಾತಲ್ಲ. ಚೆಕ್ ದೇಶದ ರಾಡಿಮ್ ಬ್ಲಾಜೆಕ್, ಮಾರ್ಟಿನ್ ರೈಖಾರ್ಡ್ ಮತ್ತು ಜೊತೆಗಾರರು ತೊಟ್ಟಿಗಳಲ್ಲಿ ಪ್ರಯೋಗ ಮಾಡಿ 2018ರಲ್ಲಿ ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಲೆಕ್ಕ ಒಪ್ಪಿಸಿದ್ದಾರೆ. ಕೋಗಿಲೆ ಮೀನಿನ ಕಾಟ ಕಂಡ ಟ್ಯಾಂಗನೀಕಾ ಸಿಕ್ಲಿಡ್‌ಗಳಲ್ಲಿ ಮೋಸ ನಡೆಯೋದು, ಆ ಕಾಟ ಗೊತ್ತೇ ಇಲ್ಲದ ಬೇರೆ ಕಡೆಯ ಸಿಕ್ಲಿಡ್‌ಗಳಿಗಿಂತ 3ರಿಂದ 11 ಪಟ್ಟು ಕಡಿಮೆ! ಬೇಕಂತಲೇ ಬಾಯಿಗೆ ಮೊಟ್ಟೆ ಹಾಕಿ ನೋಡಿದಾಗಲೂ ಅಷ್ಟೆ. ಪರಿಚಯವಿಲ್ಲದ ತಾಯಿಯ ಬಾಯಲ್ಲಿ ಕೋಗಿಲೆ ಮೊಟ್ಟೆ ಉಳಿದದ್ದು 7 ಪಟ್ಟು ಹೆಚ್ಚು.

ಇದರಲ್ಲೊಂದು ಮನಕಲಕುವ ಮಾತಿದೆ. ಹುಷಾರಿನ ಟ್ಯಾಂಗನೀಕಾ ತಾಯಿ ಅನುಮಾನದ ಮೇಲೆ ಉಗಿಯೋವಾಗ ತನ್ನ ಸ್ವಂತ ಮೊಟ್ಟೆಯನ್ನೂ ಕಳಕೊಳ್ಳುತ್ತೆ. ಖೋಟಾ ನೋಟಿನ ಭಯಕ್ಕೆ ಒಳ್ಳೇ ನೋಟನ್ನೂ ವಾಪಸ್ಸು ಕೊಡೋ ಅಂಗಡಿಯವರ ಹಾಗೆ. ಆದರೂ ಒಮ್ಮೆ ಪೆಟ್ಟು ತಿಂದ ಟ್ಯಾಂಗನೀಕಾ ತಾಯಿ ಎರಡನೇ ಸಲಕ್ಕೆ ಇನ್ನೂ ಚೆನ್ನಾಗಿ ಕಾಯಲು ಕಲಿಯುತ್ತೆ ಅಂತಲೂ ಅದೇ ಪ್ರಯೋಗ ಹೇಳುತ್ತೆ. ದುಡ್ಡು ಕೊಟ್ಟು ತಂದ ಕಾಗೆ ಇಷ್ಟು ಬುದ್ಧಿವಂತೆ ಆದರೆ ಕೋಗಿಲೆಯ ಗತಿಯೇನು?

ಟ್ರೋಫಿಯಸ್ ವಿಷಯದಲ್ಲಿ ಇನ್ನೊಂದು ತಕರಾರು. ಅದು ಒಂದು ಸಲಕ್ಕೆ ಇಡೋದು ಹತ್ತರ ಆಸುಪಾಸು ಮೊಟ್ಟೆ. ಕೋಗಿಲೆ ಮರಿಗೆ ಊಟವೇ ಸಾಲದು. ಅದರ ಹೊಟ್ಟೆಯೂ ನಾಜೂಕು. ಪಾಚಿ ತಿನ್ನೋ ಮೀನಿಗೆ ಮಾಂಸದ ಕಾಳು ಹಾಕಿದರೆ ಹೊಟ್ಟೆ ಉಬ್ಬಿ ಸಾಯುತ್ತೆ. ಹೊಸಬರು ದೂರ ಇರೋದು ಮೇಲು.

ದೂರದೂರಿನ ಕಾಗೆಯೇ ಲೇಸು

ಹಾಗಾದರೆ ಬೇಕಾದ್ದು ಕೋಗಿಲೆ ಮೀನಿನ ಹೆಸರೇ ಕೇಳದ ಊರಿನ ಕಾಗೆ. ಆಫ್ರಿಕಾದ ಇನ್ನೆರಡು ಮಹಾಕೆರೆಗಳು ಮಲಾವಿ ಮತ್ತು ವಿಕ್ಟೋರಿಯಾ. ಎರಡರಲ್ಲೂ ಬಾಯಲ್ಲಿ ಬಸಿರು ಹೊರೋ ಸಿಕ್ಲಿಡ್‌ಗಳ ಜಾತ್ರೆಯೇ ಇದೆ. ಕೋಗಿಲೆ ಮೀನು ಮಾತ್ರ ಇಲ್ಲ. ಹೊರದೇಶದ ಹವ್ಯಾಸಿಗಳು ಬಹುಕಾಲದಿಂದ ನೆಚ್ಚಿಕೊಂಡಿರುವುದು ಈ ಎರಡು ಕೆರೆಯ ಮೀನುಗಳನ್ನೇ. ನಮ್ಮ ಅಂಗಡಿಗಳಲ್ಲಿ ಆಫ್ರಿಕನ್ ಸಿಕ್ಲಿಡ್ ಅಂತ ಮಾರೋದರಲ್ಲೂ ಬಹುಪಾಲು ಮಲಾವಿಯವೇ. ಹಾಗಾಗಿ ಕಾಗೆ ಹುಡುಕಿಕೊಂಡು ಬಹಳ ದೂರ ಹೋಗಬೇಕಿಲ್ಲ.

ಝೀಬ್ರಾ ಸಿಕ್ಲಿಡ್ ನನ್ನ ಮಟ್ಟಿಗೆ ಮೊದಲ ಆಯ್ಕೆ. ಗಟ್ಟಿಪಿಂಡ, ಬೇಗ ಬೇಗ ಮೊಟ್ಟೆ ಇಡುತ್ತೆ, ಬಾಯಿ ಅಗಲ, ಮೊಟ್ಟೆಗೂ ಕೊರತೆ ಇಲ್ಲ. ದೋಷ ಅಂದರೆ ಗಂಡಿನ ಜಗಳಗಂಟತನ. ಒಂದು ಗಂಡಿಗೆ ನಾಲ್ಕರಿಂದ ಆರು ಹೆಣ್ಣು ಬಿಟ್ಟರೆ ಅದರ ಕೋಪ ಹಂಚಿಹೋಗುತ್ತೆ. ಹೆಣ್ಣು ಹೆಚ್ಚಿದ್ದರೆ ಇನ್ನೊಂದು ಲಾಭ: ಒಂದಲ್ಲ ಒಂದು ಮೊಟ್ಟೆಗೆ ಸಿದ್ಧವಾಗಿರುತ್ತೆ, ಕೋಗಿಲೆಗೆ ಕಾಯೋ ಪಾಡು ತಪ್ಪುತ್ತೆ.

ಪೀಕಾಕ್ ಸಿಕ್ಲಿಡ್, ಅಂದರೆ ಔಲೊನೊಕಾರಾ, ನೋಡೋಕೆ ನವಿಲು, ಸ್ವಭಾವವೂ ಸ್ವಲ್ಪ ಸಾಧು. ಗಲ್ಲಾ ಪಕ್ಕದ ತೊಟ್ಟಿಗೆ ಕಳೆ ಬೇಕು ಅನ್ನುವವರು ಇದನ್ನು ಇಟ್ಟುಕೊಳ್ಳಲಿ. ಗಿರಾಕಿ ನಿಂತು ನೋಡಿಯಾರು. ಹೆಣ್ಣಿಗೆ ಮಾತ್ರ ಬಣ್ಣ ಇಲ್ಲ, ಬೂದು. ಬಣ್ಣ ಇಲ್ಲ ಅಂತ ಹೆಣ್ಣು ಬಿಟ್ಟು ಬರೀ ಗಂಡು ತಂದವರಿಗೆ ಕೋಗಿಲೆಯೂ ಇಲ್ಲ, ಕಾಗೆಯೂ ಇಲ್ಲ.

ಹಳದಿ ಬಣ್ಣದ ಲ್ಯಾಬಿಡೋಕ್ರೋಮಿಸ್, ಅಂಗಡಿಯವರ ‘ಯೆಲ್ಲೋ ಲ್ಯಾಬ್’, ಎಲ್ಲ ಕಡೆ ಸಿಗುತ್ತೆ, ತಂಟೆ ಇಲ್ಲ. ಆದರೆ ಚಿಕ್ಕ ಬಾಯಿ, ಕಡಿಮೆ ಮೊಟ್ಟೆ. ಬೇರೇನೂ ಸಿಗದಿದ್ದರೆ ಆಗಬಹುದು. ವಿಕ್ಟೋರಿಯಾದ ಪುಂಡಾಮಿಲಿಯಾ ನೈರೆರೈ ಸಿಕ್ಕರೆ ಅದೂ ಒಳ್ಳೆಯದೇ. ಅಂದ ಹಾಗೆ ಅದರ ಹೆಸರು ತಾಂಜಾನಿಯಾದ ಮೊದಲ ಅಧ್ಯಕ್ಷ ಜೂಲಿಯಸ್ ನೈರೆರೆ ಅವರದ್ದು. ಮೀನಿಗೂ ಅಧ್ಯಕ್ಷರ ಹೆಸರು, ನೋಡಿ!

ಒಂದು ತೊಟ್ಟಿಗೆ ಒಂದೇ ಜಾತಿಯ ಕಾಗೆ ಸಾಕು. ಮಲಾವಿ ಸಿಕ್ಲಿಡ್‌ಗಳು ಜಾತಿ ಕಟ್ಟು ನೋಡೋದಿಲ್ಲ, ಒಂದರೊಡನೊಂದು ಬೆರೆತು ಬೆರಕೆ ಮರಿ ಹುಟ್ಟುತ್ತೆ. ಅಂಥ ಮರಿಯನ್ನು ಒಳ್ಳೇ ಅಂಗಡಿಯವರು ಮುಟ್ಟೋದಿಲ್ಲ. ಹಾಗೆಯೇ ಕಲ್ಲಿಗೆ, ಶಂಖಕ್ಕೆ ಮೊಟ್ಟೆ ಅಂಟಿಸೋ ಜಾತಿಯ ಸಿಕ್ಲಿಡ್ ತಂದು ಕಾದು ಕೂರಬೇಡಿ. ಬಾಯಲ್ಲಿ ಹೊರದ ತಾಯಿಯಿಂದ ಈ ಕೋಗಿಲೆಗೆ ಮೂರು ಕಾಸಿನ ಪ್ರಯೋಜನ ಇಲ್ಲ.

ತೊಟ್ಟಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರಕ್ಕೆ ಕಡಿಮೆ ಬೇಡ. ಅಷ್ಟಕ್ಕೆ ಸುಮಾರು 250 ಲೀಟರ್ ನೀರು, ಅಂದರೆ ಗಾಜು, ಕಲ್ಲು ಬಿಟ್ಟು ಎರಡೂವರೆ ಕ್ವಿಂಟಾಲ್ ತೂಕ. ಹಳೇ ಮೇಜಿನ ಮೇಲೆ ಇಟ್ಟು ಅಂಗಡಿ ಸಾಮಾನು ನೆನೆಸಿಕೊಳ್ಳಬೇಡಿ, ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ. ನೀರು 24ರಿಂದ 27 ಡಿಗ್ರಿ ಇರಲಿ. ಸೋಪಿಗೆ ನೊರೆ ಬಾರದ ಬೋರ್‌ವೆಲ್ ನೀರನ್ನು ನಾವು ಬೈಯುತ್ತೇವಲ್ಲ, ಈ ಮೀನುಗಳಿಗೆ ಅಂಥ ಗಡಸು ನೀರೇ ಪ್ರೀತಿ. ಪಿಎಚ್ 8ರ ಆಸುಪಾಸು ಇದೆಯೇ ಅಂತ ಮಾತ್ರ ಟೆಸ್ಟ್ ಕಿಟ್‌ನಲ್ಲಿ ನೋಡಿಕೊಳ್ಳಿ. ನೆಲಕ್ಕೆ ಮರಳು, ಹಿಂದೆ ಕಲ್ಲಿನ ಗುಡ್ಡೆ, ಮುಂದೆ ಬಯಲು. ಸಿಕ್ಲಿಡ್ ಬಯಲಲ್ಲಿ ಮೊಟ್ಟೆ ಇಟ್ಟರೆ ಕಲ್ಲ ಸಂದಿಯ ಕೋಗಿಲೆಗೆ ನುಗ್ಗೋದು ಸುಲಭ.

ಕೋಗಿಲೆ ಮೀನು ಒಂದು ಜೋಡಿ ಸಾಲದು, ಐದಾರು ಬೇಕು. ಗುಂಪಿದ್ದರೇ ಧೈರ್ಯ. ತೀರಾ ಚಿಕ್ಕವನ್ನು ತಂದು ನಾಳೆಯೇ ಮೊಟ್ಟೆ ಇಡಲಿ ಅಂದರೆ ಆಗದು, ಬೆಳೆಯೋಕೆ ವರ್ಷಗಳು ಬೇಕು. ಹಗಲು ಸಿಕ್ಲಿಡ್‌ಗೆ ಸೊಪ್ಪಿನ ಅಂಶದ ಕಾಳು, ದೀಪ ಆರಿಸಿದ ಮೇಲೆ ಕೋಗಿಲೆಗೆ ಮಾಂಸದ ತಿಂಡಿ. ಹೀಗೆ ಎರಡು ಪಂಕ್ತಿ ಮಾಡಿದರೆ ಎರಡೂ ಆರೋಗ್ಯವಾಗಿರುತ್ತವೆ.

ತಾಯಿಯ ಪಾಡು

ಗಂಟಲು ಉಬ್ಬಿಸಿಕೊಂಡು, ಕಾಳು ಹಾಕಿದರೂ ತಿನ್ನದೆ ಮೂಲೆಯಲ್ಲಿ ನಿಂತ ಹೆಣ್ಣು ಕಂಡರೆ ಬಾಯಿ ತುಂಬಿದೆ ಅಂತ ತಿಳೀರಿ. ಸಿಕ್ಲಿಡ್ ತಾಯಿ ಹೀಗೆ ಮೂರು ವಾರದ ಹತ್ತಿರ ಉಪವಾಸ ಇರುತ್ತೆ. ಅಷ್ಟೂ ದಿನ ಬಿಟ್ಟರೆ ಕೊನೆಗೆ ಉಗಿಯೋದು ಕೆಲವೇ ಕೋಗಿಲೆ ಮರಿ. ಮನೆಮಕ್ಕಳು ಮುಗಿದ ಮೇಲೆ ಅವು ಒಂದನ್ನೊಂದು ತಿಂದಿರುತ್ತವೆ. ಉಳಿದವು ದಷ್ಟಪುಷ್ಟ, ನಿಜ. ಆದರೆ ಲೆಕ್ಕ ಸಣ್ಣದು.

ಅದಕ್ಕೇ ಪಳಗಿದವರು ಮೊದಲ ವಾರದೊಳಗೇ ತಾಯಿಯನ್ನು ಒದ್ದೆ ಕೈಯಲ್ಲಿ ಮೆಲ್ಲಗೆ ಹಿಡಿದು, ನೀರಿನ ಬೋಗುಣಿ ಮೇಲೆ ಕೆಳದುಟಿ ಜಗ್ಗಿ ಬಾಯಲ್ಲಿರುವುದನ್ನು ಉದುರಿಸಿಕೊಳ್ಳುತ್ತಾರೆ. ಮೀಸೆ ಮೂಡಿದವು ಕೋಗಿಲೆ ಮರಿ, ದೊಡ್ಡ ಹಳದಿ ಗುಂಡಿನಂತೆ ಇರುವವು ಸಿಕ್ಲಿಡ್‌ನವು. ಎರಡನ್ನೂ ಬೇರೆ ಬೇರೆ ಪುಟ್ಟ ತೊಟ್ಟಿಗೆ ಹಾಕಿ, ಏರ್ ಪಂಪ್‌ನ ಗುಳ್ಳೆ ಮೆಲ್ಲಗೆ ಬರೋ ಹಾಗೆ ಇಟ್ಟರೆ ಎರಡು ಸಂಸಾರವೂ ಉಳಿಯುತ್ತೆ. ಕೋಗಿಲೆ ಮರಿಗೆ ಆಗತಾನೆ ಒಡೆದ ಬ್ರೈನ್ ಶ್ರಿಂಪ್ ಮರಿ ಸಾಕಾಗುತ್ತೆ. ಸಿಕ್ಲಿಡ್ ಮರಿಯನ್ನೇ ಉಣಿಸಬೇಕು ಅಂತ ಶಾಸ್ತ್ರವೇನಿಲ್ಲ. ‘ತಿನ್ನಲಿ ಬಿಡಿ, ಪ್ರಕೃತಿ’ ಅನ್ನುವವರೂ ಇದ್ದಾರೆ. ಸರೋವರದಲ್ಲಿ ಪ್ರಕೃತಿ, ಒಪ್ಪೋಣ. ಮಲಾವಿಯ ಮೀನನ್ನು ಟ್ಯಾಂಗನೀಕಾದ ಕಳ್ಳನ ಜೊತೆ ನಾಲ್ಕಡಿ ಗಾಜಿನೊಳಗೆ ಕೂಡಿಹಾಕಿದ್ದು ಪ್ರಕೃತಿಯಲ್ಲ, ನಾವು. ಅವಳಿಗೆ ಇದು ಗೊತ್ತಾಗಬಾರದು ಅಂತಲೇ ನಾವು ಅವಳನ್ನು ಆರಿಸಿದ್ದು.

ಹಾಗಾಗಿ ಮರಿ ತೆಗೆದ ಹೆಣ್ಣನ್ನು ಕೂಡಲೇ ದೊಡ್ಡ ತೊಟ್ಟಿಗೆ ಎಸೆಯಬೇಡಿ. ಬಡವಾಗಿರುತ್ತೆ, ಗಂಡು ಅಟ್ಟಿಸಿಕೊಂಡು ಸುಸ್ತು ಮಾಡುತ್ತೆ. ಎರಡು ವಾರ ಬೇರೆ ಇಟ್ಟು ಹೊಟ್ಟೆ ತುಂಬಾ ಹಾಕಿ. ಆರು ಹೆಣ್ಣಿದ್ದರೆ ಸರದಿ ಮಾಡಿ. ಒಂದೇ ಹೆಣ್ಣನ್ನು ತಿಂಗಳು ತಿಂಗಳು ದುಡಿಸಿದರೆ ಕಾಗೆಯೂ ಹೋಯಿತು, ಮೊಟ್ಟೆಯೂ ಹೋಯಿತು.

ಕೋಗಿಲೆಯೇ ನಕಲಿಯಾದರೆ?

ಇಷ್ಟೆಲ್ಲ ಮಾಡಿ ಕೋಗಿಲೆಯೇ ನಕಲಿಯಾದರೆ? ಆಗುತ್ತೆ ಕಣ್ರೀ. ಸಿನೊಡಾಂಟಿಸ್ ಬಳಗದಲ್ಲಿ ಚುಕ್ಕಿ ಮೀನು ಹಲವಿವೆ. ಟ್ಯಾಂಗನೀಕಾದ್ದೇ ಆದ ಪೆಟ್ರಿಕೋಲಾ ಅನ್ನೋದು ಇದರ ತಮ್ಮನ ಹಾಗೆ ಕಾಣುತ್ತೆ. ಆದರೆ ಅದು ಕಳ್ಳನಲ್ಲ, ತನ್ನ ಪಾಡಿಗೆ ಮೊಟ್ಟೆ ಚೆಲ್ಲಿ ಹೋಗುತ್ತೆ. ಅದಕ್ಕೆ ಕಾಗೆ ಹುಡುಕೋದು ವ್ಯರ್ಥ. ಅಸಲಿ ಕೋಗಿಲೆಗೆ ಕಣ್ಣು ದೊಡ್ಡದು, ಹೊಟ್ಟೆ ಚುಕ್ಕಿಯಿಲ್ಲದೆ ಬಿಳಿ, ಬೆನ್ನಿನ ರೆಕ್ಕೆ ಕಪ್ಪಾಗಿ ಬಿಳಿ ಅಂಚು. ಪೆಟ್ರಿಕೋಲಾ ಗಾತ್ರದಲ್ಲಿ ಚಿಕ್ಕದು, ಹೊಟ್ಟೆ ಮೇಲೂ ಚುಕ್ಕಿ. ಹಾರ್ಮೋನ್ ಸೂಜಿ ಚುಚ್ಚಿ ಎರಡು ಜಾತಿ ಬೆರೆಸಿದ ಬೆರಕೆ ಮೀನುಗಳೂ ಪೇಟೆಯಲ್ಲಿ ಓಡಾಡುತ್ತವೆ. ಚುಕ್ಕಿ ಒಂದಕ್ಕೊಂದು ಅಂಟಿ ಗೆರೆಯಂತಾಗಿದ್ದರೆ ಅನುಮಾನ ಪಡಿ. ಬೆಲೆ ಕಡಿಮೆ ಅಂತ ಮರುಳಾಗಬೇಡಿ.

ತಂದ ಮೇಲೆ ಬಲೆ ಹಾಕಿ ಹಿಡಿಯಲೂ ಬೇಡಿ. ಇದರ ಬೆನ್ನು, ಪಕ್ಕದ ಮುಳ್ಳುಗಳು ನೆಟ್ಟಗೆ ನಿಂತು ಬಲೆಗೆ ಸಿಕ್ಕಿಕೊಳ್ಳುತ್ತವೆ. ಬಿಡಿಸೋ ಹೊತ್ತಿಗೆ ಮೀನಿಗೂ ಗಾಯ, ಬೆರಳಿಗೂ ಗಾಯ. ಬಾಯಗಲದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿನ ಸಮೇತ ಎತ್ತಿ.

ಇನ್ನೊಂದು ಸಂಗತಿ. ಕ್ಯಾಟ್‌ಫಿಶ್ ಅಂದ ಕೂಡಲೇ ಕೇಂದ್ರ ಸರ್ಕಾರ 2000ನೇ ಇಸವಿಯಲ್ಲಿ ನಿಷೇಧಿಸಿದ ಆಫ್ರಿಕನ್ ಕ್ಯಾಟ್‌ಫಿಶ್ ನೆನಪಾಗಿ ನೆರೆಹೊರೆಯವರು ಗಾಬರಿ ಬೀಳಬಹುದು. ಅದು ಕೆರೆಯ ಮೀನೆಲ್ಲ ನುಂಗೋ ಬೇರೆ ದೈತ್ಯ, ಇದಲ್ಲ. ಆದರೂ ಹೆಚ್ಚಾದ ಝೀಬ್ರಾ ಮರಿಗಳನ್ನು ‘ಪಾಪ, ಬದುಕಿಕೊಳ್ಳಲಿ’ ಅಂತ ಊರ ಕೆರೆಗೆ ಬಿಡೋ ಪುಣ್ಯಾತ್ಮರಿಗೆ ಒಂದು ಮಾತು: ಅದೇ ಕೆರೆಯ ಜಿಲೇಬಿ ಮೀನನ್ನು ಒಮ್ಮೆ ನೋಡಿ ಬನ್ನಿ. ಮಿಕ್ಕ ಮರಿಗಳನ್ನು ಪೊಟ್ಟಣ ಕಟ್ಟಿ ಮೀನಿನ ಅಂಗಡಿಗೇ ಕೊಡಿ. ಬದಲಿಗೆ ಕಾಳಿನ ಡಬ್ಬಿ ಒಂದಾದರೂ ಕೊಟ್ಟಾರು.